ನೆಕ್ಕರ್ ಕಣಿವೆಯ ಕಲ್ಲುಗೋಡೆಗಳು

ನಮ್ಮೂರ ಕಡೆ ಜಲ್ಲಿ ರಸ್ತೆ ಅಂದರೆ ಟೆಂಡರ್ ಆಗಿ, ಜಲ್ಲಿ ಸುರಿದು, ಆಮೇಲೆ ಕಂಟ್ರಾಕ್ಟರ್ ನಾಪತ್ತೆಯಾದ ರಸ್ತೆ. ಜರ್ಮನಿಯಲ್ಲಿ ಜನ ಅಂಥ ರಸ್ತೆಯನ್ನೇ ಹುಡುಕಿಕೊಂಡು ಹೋಗುತ್ತಾರೆ. ಅದಕ್ಕೆಂದೇ ಬೇರೆ ಸೈಕಲ್ಲನ್ನೂ ಕೊಳ್ಳುತ್ತಾರೆ. ಅದರ ಹೆಸರು ಗ್ರಾವೆಲ್ ಬೈಕ್. ನೋಡಲು ರೇಸ್ ಸೈಕಲ್ಲಿನ ಹಾಗೆಯೇ, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲು. ಟೈರು ಮಾತ್ರ ದಪ್ಪ, ನನ್ನದು 40 ಮಿಲಿಮೀಟರಿನದು. ಗಾಳಿಯನ್ನು ಸ್ವಲ್ಪ ಕಡಿಮೆ ಹಿಡಿದರೆ ಜಲ್ಲಿಯ ಮೇಲೂ ಜಾರುವುದಿಲ್ಲ, ಡಾಂಬರಿನ ಮೇಲೂ ತೀರಾ ಎಳೆಯುವುದಿಲ್ಲ. ನನಗೆ ಇದರಲ್ಲಿ ಇಷ್ಟವಾದದ್ದು ವೇಗವಲ್ಲ. ನದಿಯ ಪಕ್ಕದ ನುಣುಪಾದ ಸೈಕಲ್ ದಾರಿಯನ್ನು ಬಿಟ್ಟು, ಟ್ರ್ಯಾಕ್ಟರಿನವರು ಓಡಾಡುವ ದಾರಿ ಹಿಡಿದು ದ್ರಾಕ್ಷಿ ತೋಟದ ನಡುವೆಯೇ ಹತ್ತಿ ಇಳಿಯಬಹುದು. ಕೆಲಸ ನಡೆಯುವ ಜಾಗಕ್ಕೆ ಹೋಗಬಹುದು.

ಹೋದ ಅಕ್ಟೋಬರಿನಲ್ಲಿ ನಾನು ಹೀಗೆ ಮೂರು ದಿನ ನೆಕ್ಕರ್ ನದಿಯ ಕಣಿವೆಯಲ್ಲಿ ಸುತ್ತಿದೆ. ಕೋಟೆ ಮತ್ತು ದ್ರಾಕ್ಷಿ ತೋಟ ಎಂದರೆ ಎಲ್ಲರಿಗೂ ರೈನ್ ನೆನಪಾಗುತ್ತದೆ. ನೆಕ್ಕರ್ ಅದರ ಉಪನದಿ, ಉದ್ದ ಸುಮಾರು 360 ಕಿಲೋಮೀಟರ್. ಅಷ್ಟು ಹೆಸರಿಲ್ಲದ ಈ ನದಿ ಕನ್ನಡದವರಿಗೆ ಮಾತ್ರ ರೈನ್‌ಗಿಂತ ಹತ್ತಿರದ್ದು. ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಹರ್ಮನ್ ಮೋಗ್ಲಿಂಗ್ 1811ರಲ್ಲಿ ಹುಟ್ಟಿದ್ದು ಈ ಕಣಿವೆಗೆ ಸೇರಿದ ಬ್ರಾಕೆನ್‌ಹೈಮ್‌ನಲ್ಲಿ, 1881ರಲ್ಲಿ ತೀರಿಕೊಂಡದ್ದು ನೆಕ್ಕರ್ ದಡದ ಎಸ್ಲಿಂಗನ್‌ನಲ್ಲಿ. ನಿಘಂಟಿನ ಕಿಟ್ಟೆಲ್ ಹುಟ್ಟಿದ್ದು ಉತ್ತರದ ಕಡಲ ಕಡೆಯಾದರೂ ಕೊನೆಯುಸಿರೆಳೆದದ್ದು ಇದೇ ನದಿಯ ಟ್ಯೂಬಿಂಗನ್‌ನಲ್ಲಿ, 1903ರಲ್ಲಿ. ಸ್ಟುಟ್‌ಗಾರ್ಟ್‌ನಲ್ಲಿ ಕೆಲಸಕ್ಕಿರುವ ನನಗೆ ಇವೆಲ್ಲ ಅಕ್ಕಪಕ್ಕದ ಊರುಗಳು.

ಅಕ್ಟೋಬರ್ 3 ಜರ್ಮನಿಯಲ್ಲಿ ರಜೆ, ಶುಕ್ರವಾರ ಬಿದ್ದಿತ್ತು. ಎಸ್ಲಿಂಗನ್‌ನಿಂದ ಹೊರಟು ಭಾನುವಾರ ಸಂಜೆಗೆ, ನೆಕ್ಕರ್ ರೈನ್ ಸೇರುವ ಮಾನ್‌ಹೈಮ್ ತಲುಪುವುದು ಎಂದು ಲೆಕ್ಕ ಹಾಕಿದ್ದೆ. ಸೀಟಿನ ಹಿಂದಿನ ಚೀಲದಲ್ಲಿ ಒಂದು ಜೊತೆ ಬಟ್ಟೆ, ಎರಡು ಟ್ಯೂಬು, ಚಕ್ಕುಲಿ. ಅದರ ಜೊತೆ ತಲೆಯಲ್ಲಿ ಇನ್ನೊಂದು ಭಾರವಿತ್ತು. ಹಿಂದಿನ ರಾತ್ರಿ ಅಣ್ಣ ಫೋನ್ ಮಾಡಿದ್ದ. ಅಪ್ಪ ಹೋಗಿ ಎರಡು ವರ್ಷವಾಯಿತು. ಎರಡು ಎಕರೆ ಹನ್ನೆರಡು ಗುಂಟೆ ದ್ರಾಕ್ಷಿ ತೋಟ ಇನ್ನೂ ಹಿಸ್ಸೆಯಾಗಿಲ್ಲ. ಲೇಔಟ್ ಮಾಡುವವರು ಕೇಳುತ್ತಿದ್ದಾರೆ. "ನಿನ್ನ ಭಾಗ ಏನ್ ಮಾಡ್ತೀಯೋ ಹೇಳಪ್ಪಾ. ಸೋಮವಾರ ಅವ್ರಿಗೆ ಮಾತು ಕೊಡ್ಬೇಕು" ಎಂದಿದ್ದ. ಭಾನುವಾರ ಹೇಳುತ್ತೇನೆ ಎಂದಿದ್ದೆ.

ಎಸ್ಲಿಂಗನ್‌ನ ಮೇಲೆ ದ್ರಾಕ್ಷಿ ತೋಟದ ನೆತ್ತಿಯಲ್ಲಿ ಒಂದು 'ಬುರ್ಗ್' ಇದೆ. ಬುರ್ಗ್ ಅಂದರೆ ಕೋಟೆ. ಆದರೆ ಅಲ್ಲಿ ಯಾವ ದೊರೆಯೂ ವಾಸವಾಗಿರಲಿಲ್ಲ. ಅದು ಊರಿನ ಸುತ್ತುಗೋಡೆಯ ಮೇಲಿನ ತುದಿ, ಅಷ್ಟೆ. ಊರಿನವರು ತಮ್ಮ ರಕ್ಷಣೆಗೆ ತಾವೇ ಕಟ್ಟಿಕೊಂಡದ್ದು. ಅಲ್ಲಿಂದ ಇಳಿದರೆ ಸ್ಟುಟ್‌ಗಾರ್ಟ್ ಮುಗಿಯುವವರೆಗೂ ನದಿಗೆ ಉಸಿರಾಡಲು ಜಾಗವಿಲ್ಲ. ಒಂದು ಕಡೆ ಕಾರ್ಖಾನೆ, ಇನ್ನೊಂದು ಕಡೆ ಹೆದ್ದಾರಿ, ನಡುವೆ ಹಡಗುಗಳನ್ನು ಮೆಟ್ಟಿಲಿನಂತೆ ಇಳಿಸುವ ಲಾಕ್‌ಗೇಟುಗಳು. ಇಲ್ಲಿಗೆ ಮೇಲಿನ ಪ್ಲೋಖಿಂಗನ್‌ನಿಂದ ಮಾನ್‌ಹೈಮ್‌ವರೆಗೆ ಇಂಥವು 27 ಇವೆ. ಷಿಲ್ಲರ್ ಹುಟ್ಟಿದ ಮಾರ್‌ಬಾಖ್ ದಾಟಿದ ಮೇಲೆ ನದಿ ಹಾವಿನಂತೆ ಸುತ್ತತೊಡಗುತ್ತದೆ. ಪ್ರತಿ ತಿರುವಿನ ಹೊರಮೈಯಲ್ಲಿ ಸುಣ್ಣಕಲ್ಲಿನ ಕಡಿದಾದ ಗುಡ್ಡ, ಒಳಮೈಯಲ್ಲಿ ಸಮತಟ್ಟು ಹೊಲ. ಮುಂಡೆಲ್ಸ್‌ಹೈಮ್ ಬಳಿ ನಾನು ನದಿ ಬಿಟ್ಟು ಮೇಲಕ್ಕೆ ತಿರುಗಿದೆ.

ಗುಡ್ಡ ಪೂರ್ತಿ ಕಲ್ಲುಗೋಡೆ. ಎದೆಯೆತ್ತರದ ಗೋಡೆ, ಅದರ ಮೇಲೆ ನಾಲ್ಕೈದು ಸಾಲು ಬಳ್ಳಿ ಹಿಡಿಸುವಷ್ಟು ಅಗಲದ ಮಣ್ಣು, ಅದರ ಹಿಂದೆ ಇನ್ನೊಂದು ಗೋಡೆ. ಹೀಗೆ ನೆತ್ತಿಯವರೆಗೂ. ನಡುನಡುವೆ ಕಲ್ಲಿನ ಮೆಟ್ಟಿಲು; ಇಲ್ಲಿನವರ ಸ್ವಾಬಿಯನ್ ಮಾತಿನಲ್ಲಿ ಅವು 'ಸ್ಟಾಫೆಲೆ', ದ್ರಾಕ್ಷಿ ತೋಟ 'ವೆಂಗರ್ಟ್'. ಕೆಲವು ಕಡೆ ಸಾಮಾನು ಸಾಗಿಸಲು ಒಂಟಿ ಹಳಿಯ ಪುಟ್ಟ ಗಾಡಿ ಇದೆ. ಉಳಿದಂತೆ ಟ್ರ್ಯಾಕ್ಟರ್ ಏರದು, ಯಂತ್ರ ಹೋಗದು. ಸವರುವುದು, ಕಟ್ಟುವುದು, ಕೊಯ್ಯುವುದು ಎಲ್ಲ ಕೈಯಲ್ಲೇ. ಸಮತಟ್ಟು ತೋಟಕ್ಕೆ ಹೋಲಿಸಿದರೆ ಇಲ್ಲಿ ಹೆಕ್ಟೇರಿಗೆ ಹಲವು ಪಟ್ಟು ಹೆಚ್ಚು ದುಡಿಮೆ ಬೇಕು. ವೈನ್ ಅಂಗಡಿಯ ಕಪಾಟಿನಲ್ಲಿ ಮಾತ್ರ ಎರಡೂ ಬಾಟಲಿ ಅಕ್ಕಪಕ್ಕದಲ್ಲೇ ಇರುತ್ತವೆ.

ಒಂದು ಕಡೆ ಗೋಡೆ ಕುಸಿದು ಕಲ್ಲು ದಾರಿಗೆ ಬಿದ್ದಿತ್ತು. ಎಪ್ಪತ್ತರ ಆಸುಪಾಸಿನ ಗಂಡ ಹೆಂಡತಿ, ರಜಾ ದಿನವಾದರೂ, ಅದನ್ನು ಮತ್ತೆ ಕಟ್ಟುತ್ತಿದ್ದರು. ದಾರಿ ಬಿಡುವವರೆಗೆ ನಿಲ್ಲಬೇಕಾಯಿತು. ನಿಂತವನು ನೋಡುತ್ತಾ ಉಳಿದೆ. ಗಾರೆ ಇಲ್ಲ, ಸಿಮೆಂಟ್ ಇಲ್ಲ. ದೊಡ್ಡ ಕಲ್ಲು ಕೆಳಗೆ. ಪ್ರತಿ ಕಲ್ಲೂ ಎರಡು ಕಲ್ಲುಗಳ ಸಂದಿಯ ಮೇಲೆ ಕೂರಬೇಕು, ಸಂದಿಯ ಮೇಲೆ ಸಂದಿ ಬರಬಾರದು. ಇಡೀ ಗೋಡೆ ಗುಡ್ಡದ ಕಡೆಗೆ ಸ್ವಲ್ಪ ಒರಗಿರಬೇಕು. ಗೋಡೆಯ ಹಿಂದೆ ಮಣ್ಣಿಗೆ ಮುಂಚೆ ಒಂದು ಮೊಳ ದಪ್ಪ ಚೂರುಕಲ್ಲು ತುಂಬಬೇಕು. ಸಿಮೆಂಟ್ ಹಾಕಿದರೆ ಸುಲಭವಲ್ಲವೇ ಎಂದು ಕೇಳಿದೆ. ಮುದುಕ ನಕ್ಕ. ಮಳೆನೀರು ಗುಡ್ಡದೊಳಗಿಂದ ಬರುತ್ತದೆ, ಅದಕ್ಕೆ ಹೋಗಲು ದಾರಿ ಬೇಕು. ಸಿಮೆಂಟ್ ಹಾಕಿದರೆ ನೀರು ಹಿಂದೆ ನಿಂತು ಗೋಡೆಯನ್ನೇ ತಳ್ಳಿ ಹಾಕುತ್ತದೆ ಎಂದ. ಕೆಳಗೆ ಇನ್ನೊಂದು ಗೋಡೆ ಉಬ್ಬಿ ನಿಂತದ್ದನ್ನು ತೋರಿಸಿ, ಅದಕ್ಕೆ 'ಹೊಟ್ಟೆ' ಬಂದಿದೆ, ಮುಂದಿನ ಮಳೆಗಾಲ ಕಾಣದು ಎಂದ. ನಮ್ಮೂರ ಗಾರೆಯವರೂ ಗೋಡೆ ಹೊಟ್ಟೆ ಬಿಟ್ಟಿದೆ ಅಂತಲೇ ಅನ್ನುತ್ತಾರೆ.

ಅಂಗೈಯನ್ನು ಗೋಡೆಗೆ ಒತ್ತಿದೆ. ಮಧ್ಯಾಹ್ನದ ಬಿಸಿಲು ಕಲ್ಲಿನಲ್ಲಿ ಇನ್ನೂ ಇತ್ತು. ಹಗಲು ಹೀರಿದ ಶಾಖವನ್ನು ಗೋಡೆ ರಾತ್ರಿ ಬಳ್ಳಿಗೆ ಬಿಟ್ಟುಕೊಡುತ್ತದೆ. ಟ್ರೋಲಿಂಗರ್ ಎಂಬ ತಡವಾಗಿ ಮಾಗುವ ಕಪ್ಪು ದ್ರಾಕ್ಷಿ ಇಷ್ಟು ಉತ್ತರದಲ್ಲಿ ಹಣ್ಣಾಗುವುದಕ್ಕೆ ಈ ಬಿಸಿಯೂ ಒಂದು ಕಾರಣ. ಸಂದಿಗಳಲ್ಲಿ ಹಲ್ಲಿಯಂಥ ಪುಟ್ಟ ಓತಿಗಳು ಓಡಾಡುತ್ತಿದ್ದವು. ಕಲ್ಲಿನ ಮೇಲೆ ಅಲ್ಲಲ್ಲಿ ತಿಳಿನೀಲಿ ಕಲೆ. ಆ ಕಲೆ ಏನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಚಿಕ್ಕಬಳ್ಳಾಪುರದ ಕಡೆಯ ಮಕ್ಕಳಿಗೆ ಆ ನೀಲಿ ಚಿಕ್ಕಂದಿನಿಂದ ಗೊತ್ತು. ಮೈಲುತುತ್ತ ಮತ್ತು ಸುಣ್ಣ. ಅಪ್ಪ ಎರಡನ್ನೂ ಬೇರೆ ಬೇರೆ ಡ್ರಮ್ಮಿನಲ್ಲಿ ಕರಗಿಸಿ, ಆಮೇಲೆ ಕೂಡಿಸಿ, ಉಜ್ಜಿದ ಕುಡುಗೋಲನ್ನು ಅದರಲ್ಲಿ ಅದ್ದಿ ಹಿಡಿಯುತ್ತಿದ್ದರು. ಕುಡುಗೋಲಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಬೋರ್ಡೋ ದ್ರಾವಣ ಅಂತ ಅದಕ್ಕೆ ಹೆಸರು; 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ಸೀಮೆಯಲ್ಲಿ ಬಳ್ಳಿಯ ಬೂಜುರೋಗಕ್ಕೆ ಕಂಡುಕೊಂಡ ಮದ್ದು. ಅಪ್ಪನಿಗೆ ಬೋರ್ಡೋ ಒಂದು ಊರಿನ ಹೆಸರೆಂದು ಕೊನೆಯವರೆಗೂ ಗೊತ್ತಿರಲಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ.

ನಮ್ಮಲ್ಲಿ ಬಳ್ಳಿ ಗುಡ್ಡ ಹತ್ತುವುದಿಲ್ಲ, ಚಪ್ಪರ ಹತ್ತುತ್ತದೆ. ಸಾಲಾಗಿ ನೆಟ್ಟ ಕಲ್ಲುಕೂಚ, ಮೇಲೆ ತಂತಿಯ ಬಲೆ, ಅದರಿಂದ ಜೋತುಬಿದ್ದ ಬೆಂಗಳೂರು ನೀಲಿ ದ್ರಾಕ್ಷಿಯ ಗೊಂಚಲು. ದಪ್ಪ ಸಿಪ್ಪೆ, ಒತ್ತಿದರೆ ತಿರುಳು ಪುಳಕ್ಕನೆ ಬಾಯಿಗೆ. ಈಗ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಎದುರಿಗೆ ನಂದಿಬೆಟ್ಟ, ಅದರ ಮೇಲೆ 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಟಿಪ್ಪುವಿನವರಿಂದ ಹಿಡಿದುಕೊಂಡ ಕೋಟೆ. ಅರ್ಕಾವತಿ, ಪಿನಾಕಿನಿ ಹುಟ್ಟುವ ಬೆಟ್ಟಸಾಲು ಅದು. ದ್ರಾಕ್ಷಿ, ಕೋಟೆ, ನದಿ ಮೂರೂ ನಮಗೂ ಇವೆ. ನದಿಯಲ್ಲಿ ನೀರಿಲ್ಲ ಅಷ್ಟೆ. ನೀರು ಇರುವುದು ನೆಲದೊಳಗೆ. ಅಪ್ಪನ ಮೊದಲ ಕೊಳವೆಬಾವಿ ಮುನ್ನೂರು ಅಡಿಗೆ ಸಿಕ್ಕಿತ್ತು. ಅಣ್ಣ ಕೊರೆಸಿದ ಕೊನೆಯದು 1,200 ಅಡಿ.

ಆ ಸಂಜೆ ಬೆಸಿಗ್‌ಹೈಮ್‌ನಲ್ಲಿ ಉಳಿದೆ. ಎನ್ಸ್ ನದಿ ನೆಕ್ಕರ್‌ಗೆ ಸೇರುವಲ್ಲಿ ಎರಡು ದುಂಡು ಗೋಪುರಗಳ ನಡುವೆ ಕೂತ ಹಳೇ ಊರು. ಸ್ನಾನ ಮಾಡಿ ಊಟಕ್ಕೆ ಹೊರಟಾಗ ಒಂದು ಮನೆಯ ಬಾಗಿಲಿಗೆ ಪೊರಕೆ ನೇತುಹಾಕಿದ್ದು ಕಂಡಿತು. ನಮ್ಮಲ್ಲಾದರೆ ದೃಷ್ಟಿಗೆ ಅನ್ನಬಹುದು. ಇಲ್ಲಿ ಅದು ಆಹ್ವಾನ. ದ್ರಾಕ್ಷಿ ಬೆಳೆಗಾರರು ತಮ್ಮದೇ ತೋಟದ ವೈನನ್ನು ವರ್ಷದ ಕೆಲವು ಕಾಲ ಮನೆಯಲ್ಲೇ ಮಾರುತ್ತಾರೆ. ಪೊರಕೆ ಇದ್ದರೆ ಬಾಗಿಲು ತೆರೆದಿದೆ. ಹಾಗಾಗಿ ಅದರ ಹೆಸರೂ 'ಬೇಸನ್', ಪೊರಕೆ. ಉದ್ದ ಬೆಂಚು, ಈರುಳ್ಳಿ ಹೂರಣದ ಬಿಸಿ ಕೇಕು, ಹಿಡಿ ಇರುವ ಕಾಲು ಲೀಟರಿನ ಗಾಜಿನ ಲೋಟ. ಪಕ್ಕದಲ್ಲಿ ಯಾರು ಕೂತರೂ ಮಾತಾಡಲೇಬೇಕು.

ಬಡಿಸುತ್ತಿದ್ದ ಮನೆಯೊಡತಿಗೆ ನಾನು ದ್ರಾಕ್ಷಿ ಬೆಳೆಯುವ ಮನೆಯವನು ಎಂದು ತಿಳಿದ ಮೇಲೆ ಲೆಕ್ಕವೆಲ್ಲ ಹೊರಗೆ ಬಂತು. ಗುಡ್ಡದ ಮೇಲಿನ ಅವರ ತೋಟ ಏಳು ತುಂಡು, ಏಳೂ ಬೇರೆ ಬೇರೆ ಕಡೆ. ವ್ಯುರ್ಟೆಂಬೆರ್ಗ್ ಸೀಮೆಯ ಹಳೇ ಪದ್ಧತಿ ಅದು: ಜಮೀನು ಹಿರಿಯ ಮಗನಿಗೆ ಮಾತ್ರವಲ್ಲ, ಎಲ್ಲ ಮಕ್ಕಳಿಗೂ ಸಮನಾಗಿ ಹಂಚಿಕೆ. ನ್ಯಾಯವೇ. ಆದರೆ ತಲೆಮಾರು ಕಳೆದಂತೆ ಒಬ್ಬೊಬ್ಬರ ಪಾಲು ಹೊದಿಕೆಯಷ್ಟಾಯಿತು. 1816ರಲ್ಲಿ ಬೇಸಿಗೆಯೇ ಬಾರದೆ ಬೆಳೆ ಹೋದಾಗ, ಮರುವರ್ಷ ಈ ನದಿಯಲ್ಲಿ ದೋಣಿ ಹತ್ತಿ ದೇಶ ಬಿಟ್ಟವರಲ್ಲಿ ಇಂಥ ತುಂಡು ಹೊಲದವರು ಬಹಳ. ಉಳಿದವರು ತುಂಡುಗಳನ್ನು ಒಟ್ಟುಮಾಡಲಾಗದೆ ಹಣ್ಣನ್ನು ಒಟ್ಟುಮಾಡಿದರು; 1855ರಷ್ಟು ಹಿಂದೆಯೇ ನೆಕ್ಕರ್‌ಸುಲ್ಮ್‌ನಲ್ಲಿ ಬೆಳೆಗಾರರ ಸಂಘ ಹುಟ್ಟಿತು. "ಗೋಡೆಯ ಫೋಟೋ ತೆಗೆಯುವವರು ಬಹಳ ಜನ ಬರುತ್ತಾರೆ" ಎಂದಳು ಆಕೆ, ಲೋಟ ಒರೆಸುತ್ತಾ. "ಕಲ್ಲು ಎತ್ತಿಕೊಡುವವರು ಕಡಿಮೆ. ಮಗಳು ಊರಲ್ಲಿಲ್ಲ. ಮೇಲಿನ ಎರಡು ತುಂಡು ಈ ವರ್ಷ ಬಿಟ್ಟೆವು." ದೂರಿನ ದನಿಯಲ್ಲ, ಹವಾಮಾನ ಹೇಳುವ ದನಿ. ನನ್ನ ಫೋನಿನಲ್ಲಿ ಆಗಲೇ ಗೋಡೆಯ ಮೂವತ್ತು ಫೋಟೋ ಇದ್ದವು.

ಮಾರನೆಯ ದಿನ ಲೌಫನ್. ಕವಿ ಹ್ಯೋಲ್ಡರ್ಲಿನ್ 1770ರಲ್ಲಿ ಹುಟ್ಟಿದ ಊರು. ಅಲ್ಲಿಂದ ನದಿ ಬಿಟ್ಟು ಪಶ್ಚಿಮಕ್ಕೆ, ತ್ಸಾಬರ್ ಎಂಬ ಹೊಳೆಯ ಜೊತೆ ಹೋದರೆ ಬ್ರಾಕೆನ್‌ಹೈಮ್. ದಾರಿ ಪೂರ್ತಿ ಕೆಂಪು ದ್ರಾಕ್ಷಿ, ಟೈರಿನ ಕೆಳಗೆ ಜಲ್ಲಿಯ ಕರಕರ ಸದ್ದು. ಊರಿನವರ ಹೆಮ್ಮೆ ಪಶ್ಚಿಮ ಜರ್ಮನಿಯ ಮೊದಲ ಅಧ್ಯಕ್ಷ ಥಿಯೋಡರ್ ಹೊಯ್ಸ್, ಅವರೂ ಇಲ್ಲಿಯವರೇ. ನಾನು ಮಾತ್ರ ಚರ್ಚಿನ ಮುಂದಿನ ಬೆಂಚಿನಲ್ಲಿ ಚಕ್ಕುಲಿ ತಿನ್ನುತ್ತಾ ಮೋಗ್ಲಿಂಗ್‌ನ ತಾರೀಖುಗಳನ್ನು ಜೋಡಿಸುತ್ತಿದ್ದೆ. ಆತ ಟ್ಯೂಬಿಂಗನ್‌ನಲ್ಲಿ ಓದುವಾಗ, ಮನಸ್ಸು ಕದಡಿದ ಹ್ಯೋಲ್ಡರ್ಲಿನ್ ಅದೇ ಊರಿನ ನದಿ ದಡದ ಗೋಪುರದಲ್ಲಿ ಬದುಕಿದ್ದ. 1836ರಲ್ಲಿ ಮೋಗ್ಲಿಂಗ್ ಬಾಸೆಲ್ ಮಿಷನ್ನಿನವನಾಗಿ ಮಂಗಳೂರಿಗೆ ಬಂದ. 1843ರ ಜೂನ್ 7ರಂದು ಹ್ಯೋಲ್ಡರ್ಲಿನ್ ಆ ಗೋಪುರದಲ್ಲೇ ತೀರಿಕೊಂಡ. ಇಪ್ಪತ್ತನಾಲ್ಕು ದಿನ ಕಳೆದು, ಜುಲೈ 1ರಂದು, 'ಮಂಗಳೂರ ಸಮಾಚಾರ' ಹೊರಬಂತು. ಒಂದಕ್ಕೊಂದು ಸಂಬಂಧವಿಲ್ಲ. ಆದರೂ ಒಂದೇ ಕಣಿವೆಯ ಇಬ್ಬರು.

ಆ ಪತ್ರಿಕೆ ಕಲ್ಲಚ್ಚಿನಲ್ಲಿ ಮುದ್ರಣವಾದದ್ದು. ಆಮೇಲೆ ಮೋಗ್ಲಿಂಗ್‌ನ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಬಂದವು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಕಿಟ್ಟೆಲ್‌ಗೆ 1896ರಲ್ಲಿ, 1894ರ ನಿಘಂಟಿಗಾಗಿ. ಎರಡು ಹೆಸರು ನಮ್ಮ ಬಾಯಲ್ಲಿವೆ, ಇರಲೇಬೇಕು. ಓಲೆಗರಿ ಹುಡುಕಿ ತಂದವರು, ಪಾಠ ಓದಿ ಹೇಳಿದ ಪಂಡಿತರು, ಅಚ್ಚಿನ ಕಲ್ಲು ತಿಕ್ಕಿದವರು, ಎಪ್ಪತ್ತು ಸಾವಿರದಷ್ಟು ಪದಗಳಲ್ಲಿ ಒಂದೊಂದಕ್ಕೆ ನಮ್ಮ ಕಡೆ ಹೀಗೂ ಅನ್ನುತ್ತಾರೆ ಸ್ವಾಮಿ ಎಂದವರು, ಇವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ಮೊದಲ ದಿನ ಕಂಡ ಗೋಡೆಗಳು ಬೇಡವೆಂದರೂ ನೆನಪಾದವು. ಅವುಗಳ ಮೇಲೂ ಕಟ್ಟಿದವರ ಹೆಸರಿಲ್ಲ.

ಹೆಸರು ಇರುವುದು ಕೋಟೆಗಳಿಗೆ. ಹೈಲ್‌ಬ್ರೋನ್ ಪಕ್ಕದ ವೈನ್ಸ್‌ಬೆರ್ಗ್ ಕೋಟೆಯದು ಎಲ್ಲರಿಗೂ ಪ್ರಿಯವಾದ ಕಥೆ. 1140ರಲ್ಲಿ ಕೋಟೆಗೆ ಮುತ್ತಿಗೆ ಹಾಕಿ ಗೆದ್ದ ದೊರೆ ಮೂರನೆಯ ಕೊನ್ರಾಡ್ ಹೆಂಗಸರಿಗೆ ಮಾತ್ರ ಜೀವದಾನ ಕೊಟ್ಟ. ಹೊರಬಹುದಾದಷ್ಟನ್ನು ಹೊತ್ತು ಹೋಗಬಹುದು ಎಂದ. ಅವರು ಗಂಡಂದಿರನ್ನೇ ಬೆನ್ನ ಮೇಲೆ ಹೊತ್ತು ಬಂದರಂತೆ. ಅದೇ ಕೋಟೆಗೆ 1525ರಲ್ಲಿ ಬೆಂಕಿ ಬಿತ್ತು. ಇಟ್ಟವರು ತೆರಿಗೆ, ಬಿಟ್ಟಿ ತಾಳಲಾರದೆ ದಂಗೆ ಎದ್ದ ರೈತರು. ಕೋಟೆ ಮತ್ತೆ ಏಳಲಿಲ್ಲ. ಸುತ್ತಲ ದ್ರಾಕ್ಷಿ ತೋಟ ಮಾತ್ರ ಇವತ್ತಿಗೂ ಇದೆ. ಈ ಗುಡ್ಡಗಳಲ್ಲಿ ಬೆನ್ನ ಮೇಲೆ ಹೊರುವುದು ಬರೀ ಕಥೆಯಾಗಿರಲಿಲ್ಲ. ಮಳೆಗೆ ಕೆಳಗಿಳಿದ ಮಣ್ಣನ್ನು ಬೆನ್ನುಬುಟ್ಟಿಯಲ್ಲಿ ಹೊತ್ತು ಮತ್ತೆ ಮೇಲಕ್ಕೆ ಸುರಿಯುವುದು ಬೆಳೆಗಾರರ ಮಾಮೂಲಿ ಕೆಲಸವಾಗಿತ್ತು.

ಭಾನುವಾರ ಕೋಟೆಗಳ ಮೆರವಣಿಗೆ. ಗುಂಡೆಲ್ಸ್‌ಹೈಮ್‌ನಲ್ಲಿ ರಾತ್ರಿ ಕಳೆದು ಹೊರಟರೆ ಎದುರು ದಡದಲ್ಲಿ ಗುಟೆನ್‌ಬೆರ್ಗ್. ಯಾವ ಯುದ್ಧದಲ್ಲೂ ಹಾಳಾಗದ ಕೋಟೆ. 1449ರಿಂದ ಒಂದೇ ಮನೆತನ ಅಲ್ಲಿ ಬಾಳುತ್ತಿದೆ. ಮುಂದೆ ಹೋರ್ನ್‌ಬೆರ್ಗ್. ಕಬ್ಬಿಣದ ಕೈಯ ಗ್ಯೋಟ್ಸ್ ತನ್ನ ಮುಪ್ಪನ್ನು ಕಳೆದು 1562ರಲ್ಲಿ ಸತ್ತದ್ದು ಅಲ್ಲಿ. ರೈತ ದಂಗೆಯಲ್ಲಿ ಕೆಲವು ವಾರ ಒಂದು ದಂಡಿಗೆ ನಾಯಕನಾಗಿದ್ದವನು, ಮುಂದೆ ಗ್ಯೋಟೆಯ ನಾಟಕದಿಂದ ಅಮರನಾದವನು. ಆ ಕೋಟೆಯ ಕೆಳಗಿನ ಮೆಟ್ಟಿಲು ತೋಟಗಳನ್ನು ದಾಟಿದ ಸ್ವಲ್ಪ ಹೊತ್ತಿಗೆ ನೆಲದ ಬಣ್ಣ ಬದಲಾಗುತ್ತದೆ. ಸುಣ್ಣಕಲ್ಲು ಮುಗಿದು ಕೆಂಪು ಮರಳುಗಲ್ಲು ಶುರು, ದ್ರಾಕ್ಷಿ ಮುಗಿದು ಓಡನ್‌ವಾಲ್ಡ್ ಕಾಡು ಶುರು. ಕಾಡಿನ ಜಲ್ಲಿ ದಾರಿ ಮೆತ್ತಗೆ, ಎಲೆ ಬಿದ್ದು ಒದ್ದೆ. ಹಿರ್ಷ್‌ಹೋರ್ನ್, ಆಮೇಲೆ ಒಂದೇ ಊರಿಗೆ ನಾಲ್ಕು ಕೋಟೆ ಇರುವ ನೆಕ್ಕರ್‌ಸ್ಟೈನಾಖ್. ಮಾರ್ಕ್ ಟ್ವೇನ್ ತನ್ನ ಪ್ರವಾಸ ಕಥನದಲ್ಲಿ ಈ ದಾರಿಯನ್ನು ತೆಪ್ಪದ ಮೇಲೆ ತೇಲಿಕೊಂಡು ಬಂದಂತೆ ಬರೆದಿದ್ದಾನೆ. ಸೈಕಲ್ಲಿಗೆ ಆ ಸುಖವಿಲ್ಲ.

ಹೈಡೆಲ್‌ಬೆರ್ಗ್ ಅರಮನೆಯನ್ನು ಫ್ರೆಂಚರು 1689ರಲ್ಲೂ 1693ರಲ್ಲೂ ಹಾಳುಗೆಡವಿದರು; ರಿಪೇರಿ ನಡೆಯುತ್ತಿದ್ದಾಗ 1764ರಲ್ಲಿ ಸಿಡಿಲು ಬಡಿಯಿತು. ಆ ಪಾಳಿನ ನೆಲಮಾಳಿಗೆಯಲ್ಲಿ 1751ರ ಒಂದು ಪೀಪಾಯಿ ಇದೆ. ಎರಡು ಲಕ್ಷ ಲೀಟರಿಗೂ ಹೆಚ್ಚು ಹಿಡಿಸುತ್ತದೆ, ಅದರ ಮೇಲೆ ಕುಣಿಯಲು ಹಲಗೆ ಹಾಸಿದ್ದಾರೆ. ಜನ ಸಾಲುಗಟ್ಟಿ ಫೋಟೋ ತೆಗೆಯುತ್ತಾರೆ. ಅದು ಮಜಕ್ಕೆ ಮಾಡಿಸಿದ ಆಟಿಕೆಯಲ್ಲ. ರಾಜ್ಯದ ದ್ರಾಕ್ಷಿ ಬೆಳೆಗಾರರು ತೆರಿಗೆಯಾಗಿ ಕೊಡಬೇಕಿದ್ದ ವೈನನ್ನು ಸುರಿಯಲು ಮಾಡಿಸಿದ್ದು. ಯಾವ ತೋಟದ್ದು, ಯಾವ ಗೋಡೆಯ ಮೇಲಿನದು ಎಂಬುದೆಲ್ಲ ಬೆರೆತು ಒಂದೇ ಪೀಪಾಯಿ. ಮೂರು ದಿನ ಗೋಡೆಯನ್ನೂ ಕೋಟೆಯನ್ನೂ ಬೇರೆ ಬೇರೆಯಾಗಿ ನೋಡುತ್ತಾ ಬಂದಿದ್ದೆ. ಆ ಪೀಪಾಯಿಯ ಮುಂದೆ ಎರಡೂ ಒಂದೇ ಲೆಕ್ಕದ ಪುಸ್ತಕದ ಎರಡು ಪುಟ ಎಂದು ಕಂಡಿತು.

ಅಲ್ಲಿಂದ ಮಾನ್‌ಹೈಮ್‌ಗೆ ಸಪಾಟು ದಾರಿ. ಸೈಕಲ್ಲಿನವರಿಗೆ ಇದು ತವರೂರು. 1817ರ ಜೂನ್ 12ರಂದು ಕಾರ್ಲ್ ಡ್ರೈಸ್ ಎಂಬವನು ತಾನು ಮಾಡಿದ ಎರಡು ಚಕ್ರದ ಮರದ ಗಾಡಿಯನ್ನು, ಪೆಡಲ್ ಇಲ್ಲದೆ, ನೆಲವನ್ನು ಕಾಲಲ್ಲಿ ಒದೆಯುತ್ತಾ ಓಡಿಸಿದ್ದು ಇಲ್ಲಿ. ಬೆಳೆ ಹೋದ ಜನ ಇದೇ ನದಿಯಲ್ಲಿ ದೋಣಿ ಹತ್ತುತ್ತಿದ್ದ ಅದೇ ವರ್ಷ. ಕತ್ತಲಾಗುವ ಮುಂಚೆ ಎರಡು ನದಿ ಸೇರುವ ಕಡೆ ಸೈಕಲ್ ಮಲಗಿಸಿ ಅಣ್ಣನಿಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ ಹತ್ತು ದಾಟಿತ್ತು.

ತೋಟ ಮಾರಬೇಡ ಎನ್ನುವುದು ಸುಲಭವಿತ್ತು. ಅಪ್ಪನ ಕುಡುಗೋಲು, ಕಲ್ಲುಕೂಚ ಎಲ್ಲ ಹೇಳಬಹುದಿತ್ತು. ಆದರೆ ಆ 1,200 ಅಡಿಯ ಸಾಲ ತೀರಿಸುತ್ತಿರುವವನು ಅವನು. ಬೆಳಗಿನ ನಾಲ್ಕಕ್ಕೆ ಕರೆಂಟ್ ಬಂದಾಗ ಎದ್ದು ಮೋಟಾರ್ ಹಾಕುವವನೂ ಅವನೇ. "ಅಣ್ಣಾ, ನನ್ನ ಹಿಸ್ಸೆ ನಿನ್ನ ಹೆಸರಿಗೇ ಬರೆದುಕೊಡ್ತೀನಿ. ದುಡ್ಡು ಬೇಡ. ಜಮೀನು ಎರಡು ತುಂಡಾಗೋದು ಬೇಡ. ಇಟ್ಕೋತೀಯೋ ಮಾರ್ತೀಯೋ ನಿನ್ನಿಷ್ಟ, ಮಾರಿದ್ರೂ ನಾನು ಬೇಜಾರು ಮಾಡ್ಕೊಳಲ್ಲ" ಎಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಅತ್ತಿಗೆ ಏನೋ ಕೇಳಿದ್ದು, ಅವನು ಸುಮ್ಮನಿರು ಎಂದದ್ದು ಕೇಳಿಸಿತು. ಆಮೇಲೆ, "ನೀನು ಹಂಗೆಲ್ಲ ಬಿಟ್ಟುಕೊಡ್ಬೇಡ ಕಣೋ, ಬರ್ತೀಯಲ್ಲ ಸಂಕ್ರಾಂತಿಗೆ, ಕೂತು ಮಾತಾಡಣ" ಎಂದ. ಮತ್ತೆ ಎಂದ: "ಈ ಸಲ ಮಳೆ ಪರವಾಗಿಲ್ಲ. ಮೂಡಗಡೆ ನಾಲ್ಕು ಕೂಚ ವಾಲವೆ. ಅವನ್ನ ನೆಟ್ಟಗೆ ಮಾಡಿಸ್ಬೇಕು. ನಾಳೆ ಅವ್ರಿಗೆ ಇನ್ನೊಂದು ವರ್ಷ ನೋಡಣ ಅಂತೀನಿ."

ಒಂದೇ ವರ್ಷ. ಅದಕ್ಕಿಂತ ಹೆಚ್ಚೇನೂ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ರೈಲಿನಲ್ಲಿ ಸೈಕಲ್ಲನ್ನು ಕಂಬಿಗೆ ಕಟ್ಟಿ, ಟೈರಿನ ಗೆರೆಗಳಲ್ಲಿ ಸಿಕ್ಕಿಕೊಂಡಿದ್ದ ಜಲ್ಲಿಯ ಚೂರುಗಳನ್ನು ಬೀಗದಕೈಯಿಂದ ಕೀಳುತ್ತಾ ಕೂತೆ. ಬಿಳಿ ಸುಣ್ಣಕಲ್ಲಿನವು ಕೆಲವು, ಕೆಂಪು ಮರಳುಗಲ್ಲಿನವು ಕೆಲವು. ಜನವರಿಯ ಟಿಕೆಟ್ ಎಷ್ಟಿದೆ ಎಂದು ನೋಡುವಷ್ಟರಲ್ಲಿ ಸ್ಟುಟ್‌ಗಾರ್ಟ್ ಬಂತು.